ಮರಳು ಅಷ್ಟು ಆಳಕ್ಕೆ ಇಳಿದದ್ದು ಹೇಗೆ?

ಓದುಗರ ಪ್ರಶ್ನೆ – ಕಡಲ ಭೂವಿಜ್ಞಾನಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ: ಖಂಡಗಳ ಅಂಚಿನಾಚೆಗಿನ ಆಳಗಡಲ ತಗ್ಗುಗಳಲ್ಲಿ ತುಂಬಿಕೊಂಡಿರುವ ಹೂಳಿನ ಬಹುಪಾಲು ನಿಧಾನವಾಗಿ ಉದುರಿ ಕೂಡಿದ್ದಲ್ಲ, ಕೆಲವು ಗಂಟೆ ಅಥವಾ ಕೆಲವು ದಿನ ಹರಿದ ಬಗ್ಗಡದ ಪ್ರವಾಹಗಳು ತಂದು ಸುರಿದದ್ದು ಎಂದು. ಅದನ್ನು ಒಪ್ಪದವರೂ ಬರೆದಿದ್ದಾರೆ, ಇನ್ನಷ್ಟು ಹೇಳಿ ಎಂದವರೂ ಬರೆದಿದ್ದಾರೆ. ಈ ಸಲದ ಅಂಕಣವಿಡೀ ಆ ಪತ್ರಗಳಿಗೇ ಮೀಸಲು.

ಪ್ರಶ್ನೆ: ಮೇಡಂ, ಮೂರು-ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅಲೆಯೂ ಇಲ್ಲ, ನದಿಯೂ ಇಲ್ಲ. ಮೇಲಿನಿಂದ ಉದುರುವ ನುಣ್ಣನೆಯ ಕೆಸರು ಮಾತ್ರ ಅಲ್ಲಿಗೆ ತಲುಪುತ್ತದೆ ಎಂದೇ ನಾವು ಮಕ್ಕಳಿಗೆ ಪಾಠ ಮಾಡುತ್ತ ಬಂದಿದ್ದೇವೆ. ಹಾಗಾದರೆ ಅಲ್ಲಿ ಮರಳಿನ ಪದರಗಳು ಸಿಗುವುದು ಹೇಗೆ?
– ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಉತ್ತರ: ನೀವು ಮಾಡುತ್ತಿರುವ ಪಾಠ ತಪ್ಪಲ್ಲ, ಆದರೆ ಅದು ಅರ್ಧ ಪಾಠ. ಸತ್ತ ಸೂಕ್ಷ್ಮಜೀವಿಗಳ ಚಿಪ್ಪು, ಗಾಳಿ ಹೊತ್ತು ತಂದ ದೂಳು, ಜೇಡಿಯ ಕಣ ಇವೆಲ್ಲ ಕಡಲ ಆಳಕ್ಕೆ ಸದಾ ಉದುರುತ್ತಲೇ ಇರುತ್ತವೆ. ಆದರೆ ಅವುಗಳ ಲೆಕ್ಕ ಬಹಳ ಸಣ್ಣದು. ದಡದಿಂದ ದೂರದಲ್ಲಿ ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್, ದಡದ ಹತ್ತಿರ ಕೆಲವು ಸೆಂಟಿಮೀಟರ್.

ಮರಳಿಗೆ ಈ ದಾರಿ ಇಲ್ಲವೇ ಇಲ್ಲ. 0.2 ಮಿಲಿಮೀಟರ್ ಗಾತ್ರದ ಒಂದು ಮರಳುಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು ಎರಡು ಸೆಂಟಿಮೀಟರ್ ಮುಳುಗುತ್ತದೆ. ನೀರು 200 ಮೀಟರ್ ಆಳವಿದ್ದರೆ ಮೂರು ಗಂಟೆಯೊಳಗೆ ತಳ ಮುಟ್ಟುತ್ತದೆ. ಅಂಥದ್ದನ್ನು ಮೇಲ್ಮೈಯ ಪ್ರವಾಹ ನೂರಾರು ಕಿಲೋಮೀಟರ್ ತೇಲಿಸಿಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ಆಳಗಡಲಲ್ಲಿ ಮರಳು ಸಿಕ್ಕಿತೆಂದರೆ ಅದು ತಳದ ಮೇಲೆಯೇ, ಇಳಿಜಾರು ಹಿಡಿದು ಬಂದಿದೆ ಎಂದೇ ಅರ್ಥ.

ಖಂಡದ ಅಂಚಿನಲ್ಲಿ, ಕಡಲೊಳಗಿನ ಕಮರಿಗಳ ತಲೆಭಾಗದಲ್ಲಿ ನದಿಗಳು ಹಾಕಿದ ಹೂಳು ವರ್ಷಗಟ್ಟಲೆ ಗುಡ್ಡೆಯಾಗುತ್ತದೆ. ಒಂದು ಭೂಕಂಪವೋ ದೊಡ್ಡ ಬಿರುಗಾಳಿಯೋ ನೆರೆಯೋ ಬಂದು ಆ ಗುಡ್ಡೆ ಕುಸಿಯುತ್ತದೆ. ಕೆಲವೊಮ್ಮೆ ತನ್ನ ಭಾರಕ್ಕೇ ಕುಸಿಯುವುದೂ ಉಂಟು. ಕುಸಿದ ಹೂಳು ನೀರಿನೊಂದಿಗೆ ಬೆರೆತರೆ ಆ ಬಗ್ಗಡ ಸುತ್ತಲಿನ ತಿಳಿನೀರಿಗಿಂತ ತೂಕದ್ದಾಗುತ್ತದೆ. ತೂಕದ್ದು ಇಳಿಜಾರಿನಲ್ಲಿ ಕೆಳಗೆ ಹರಿಯಲೇಬೇಕು. ಹರಿಯುವಾಗ ಏಳುವ ಸುಳಿಗಳು ಕಣಗಳನ್ನು ತಳಕ್ಕೆ ಕೂರಲು ಬಿಡುವುದಿಲ್ಲ. ಕೂರದ ಕಣಗಳು ಬಗ್ಗಡದ ತೂಕವನ್ನು ಉಳಿಸುತ್ತವೆ, ಆ ತೂಕ ಹರಿವನ್ನು ಎಳೆಯುತ್ತದೆ, ಹರಿವು ಮತ್ತೆ ಸುಳಿಯೆಬ್ಬಿಸುತ್ತದೆ. ಇಳಿಜಾರು ಸಾಕಷ್ಟಿದ್ದರೆ ದಾರಿಯ ತಳವನ್ನೂ ಕೊರೆದು ಇನ್ನಷ್ಟು ಹೂಳು ಸೇರಿಸಿಕೊಂಡು ಬೆಳೆಯುತ್ತ ಹೋಗುತ್ತದೆ. ಇಳಿಜಾರು ಕಡಿಮೆಯಾದ ಕಡೆ ಸುಳಿ ಸೋಲುತ್ತದೆ. ದಪ್ಪ ಕಣ ಮೊದಲು ಕೆಳಗಿಳಿಯುತ್ತದೆ, ತೂಕ ತಗ್ಗುತ್ತದೆ, ಹರಿವು ಸಾಯುತ್ತದೆ. ಇದನ್ನು ಟರ್ಬಿಡಿಟಿ ಕರೆಂಟ್ ಎನ್ನುತ್ತಾರೆ, ಅದು ಬಿಟ್ಟುಹೋದ ಪದರವನ್ನು ಟರ್ಬಿಡೈಟ್ ಎನ್ನುತ್ತಾರೆ.

ನೆರೆ ಬಂದ ನದಿಯ ಕೆಂಪು ನೀರೇ ನೇರವಾಗಿ ಕಡಲ ತಳಕ್ಕೆ ಧುಮುಕುವುದಿಲ್ಲವೇ ಎಂದು ಮಕ್ಕಳು ಕೇಳಬಹುದು. ಕಡಲ ನೀರಿನಲ್ಲಿ ಉಪ್ಪಿರುವುದರಿಂದ ಅದಕ್ಕೆ ಮೊದಲೇ ತೂಕ ಹೆಚ್ಚು. ಅದನ್ನು ಮೀರಿ ಮುಳುಗಲು ನದಿಯ ಒಂದು ಘನ ಮೀಟರ್ ನೀರಿನಲ್ಲಿ ಸುಮಾರು 40 ಕಿಲೋ ಹೂಳು ಇರಬೇಕು. ದೊಡ್ಡ ನದಿಗಳಲ್ಲಿ ಹೆಚ್ಚಿನವು ನೆರೆಯಲ್ಲೂ ಅಷ್ಟು ಹೊರುವುದಿಲ್ಲ. ಸಿಹಿನೀರಿನ ಸರೋವರದಲ್ಲಿ ಈ ಅಡ್ಡಿ ಇಲ್ಲ. ಜಿನೀವಾ ಸರೋವರ ಸೇರುವ ರೋನ್ ನದಿಯ ತಣ್ಣನೆಯ ರಾಡಿನೀರು ತಳ ಹಿಡಿದೇ ಸಾಗಿ ಅಲ್ಲೊಂದು ಕಾಲುವೆ ಕೊರೆದಿದೆ. ಸ್ವಿಟ್ಜರ್ಲೆಂಡಿನ ಫೊರೆಲ್ 1880ರ ದಶಕದಲ್ಲೇ ಅದನ್ನು ಗುರುತಿಸಿ ಬರೆದಿದ್ದರು. ಕಡಲಿಗೂ ಇದೇ ನ್ಯಾಯ ಅನ್ವಯಿಸುತ್ತದೆ ಎಂದು ಭೂವಿಜ್ಞಾನಿಗಳು ಒಪ್ಪಲು ಇನ್ನೂ ಅರವತ್ತು-ಎಪ್ಪತ್ತು ವರ್ಷ ಹಿಡಿಯಿತು.

ಪ್ರಶ್ನೆ: ಇದೆಲ್ಲ ಊಹೆಯೇ ಅಲ್ಲವೇ? ಕಣ್ಣಾರೆ ಕಂಡವರು ಯಾರು?
– ನಿವೃತ್ತ ಎಂಜಿನಿಯರ್

ಉತ್ತರ: ಕೇಳಬೇಕಾದ ಪ್ರಶ್ನೆ, ಸರ್. ಮೊದಲ ಪುರಾವೆ ಸಿಕ್ಕಿದ್ದು ಕಣ್ಣಿನಿಂದಲ್ಲ, ಗಡಿಯಾರದಿಂದ.

1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದಕ್ಷಿಣಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ಕಡಲಿನ ಅಂಚಿನಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ಎದ್ದ ಸುನಾಮಿ 28 ಜನರನ್ನು ಬಲಿ ತೆಗೆದುಕೊಂಡಿತು. ಅಮೆರಿಕ-ಯುರೋಪ್ ನಡುವಿನ ತಂತಿ ಸಂದೇಶದ ಕೇಬಲ್‌ಗಳು ಆ ಕಡಲ ತಳದಲ್ಲೇ ಹಾದುಹೋಗಿದ್ದವು. ಕಂಪನದ ಕೇಂದ್ರದ ಬಳಿಯವು ತಕ್ಷಣ ತುಂಡಾದವು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಲ್ಲಿಂದ ದಕ್ಷಿಣಕ್ಕೆ, ಇಳಿಜಾರಿನ ಕೆಳಗೆ ಇದ್ದವು ಒಂದಾದ ಮೇಲೊಂದರಂತೆ ತುಂಡಾಗುತ್ತ ಹೋದವು. ಕೊನೆಯದು ತುಂಡಾದದ್ದು 13 ಗಂಟೆಗಳ ನಂತರ, ಕೇಂದ್ರದಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ. ಒಟ್ಟು 12 ಕೇಬಲ್‌ಗಳು ಹಾಳಾದವು. ಸಂದೇಶ ನಿಂತ ನಿಮಿಷ ದಡದ ಯಂತ್ರಗಳಲ್ಲಿ ದಾಖಲಾಗಿತ್ತು. ದುರಸ್ತಿಗೆ ಹೋದ ಹಡಗುಗಳು ತುಂಡಾದ ಜಾಗವನ್ನೂ ಗುರುತು ಹಾಕಿಕೊಂಡವು. ಜಾಗವೂ ಗೊತ್ತು, ಹೊತ್ತೂ ಗೊತ್ತು. ವೇಗಕ್ಕೆ ಇನ್ನೇನು ಬೇಕು? ಆದರೂ ಆ ಲೆಕ್ಕವನ್ನು ಯಾರೂ ಈ ದೃಷ್ಟಿಯಿಂದ ಮಾಡಿರಲಿಲ್ಲ. ಅಮೆರಿಕದ ಭೂವಿಜ್ಞಾನಿಗಳಾದ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ 1952ರಲ್ಲಿ ಮಾಡಿದರು. ನಂತರದವರು ತಿದ್ದಿ ಒಪ್ಪಿರುವ ಅಂದಾಜಿನಂತೆ ಆ ಹರಿವು ಇಳಿಜಾರಿನ ಮೇಲೆ ಗಂಟೆಗೆ 65–70 ಕಿಲೋಮೀಟರ್ ವೇಗದಲ್ಲಿತ್ತು. ಸಾಗಿದ ಹೂಳು 150 ಘನ ಕಿಲೋಮೀಟರಿಗಿಂತ ಹೆಚ್ಚು.

ನನಗೆ ಬಹಳ ಮೆಚ್ಚಿಗೆಯಾದದ್ದು ಅದರ ಮುಂದಿನ ಹೆಜ್ಜೆ. ಅಂಥ ಹರಿವು ನಿಜವಾಗಿದ್ದರೆ ಅದರಾಚೆಗಿನ ಸೋಮ್ ಎಂಬ ಆಳಗಡಲ ಬಯಲಿನಲ್ಲಿ, ತೀರಾ ಮೇಲುಗಡೆ, ಕೆಳಗೆ ದಪ್ಪ ಮೇಲೆ ನುಣ್ಣಗೆ ಇರುವ ಹೊಸ ಪದರ ಸಿಗಲೇಬೇಕು. ಹೋಗಿ, ತಳದ ಹೂಳನ್ನು ಪದರ ಕೆಡದಂತೆ ಎತ್ತಿ ತರುವ ಕೊಳವೆ ಇಳಿಸಿ ನೋಡಿದರು, ಪದರ ಸಿಕ್ಕಿತು. ಮೊದಲು ಹೇಳಿ ಆಮೇಲೆ ಹುಡುಕಿ ಕಂಡುಕೊಂಡ ಪುರಾವೆಗೆ ಇರುವ ತೂಕವೇ ಬೇರೆ.

ಈಗ ನೇರ ಅಳತೆಯೂ ಇದೆ. ಕ್ಯಾಲಿಫೋರ್ನಿಯಾದ ಮಾಂಟೆರೇ ಕಮರಿಯಲ್ಲಿ 2015ರಿಂದ 2017ರವರೆಗೆ, 18 ತಿಂಗಳು, ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಉಪಕರಣಗಳನ್ನು ಸಾಲಾಗಿ ಇಳಿಬಿಟ್ಟು ಕಾದರು. ಆ ಅವಧಿಯಲ್ಲಿ ಕನಿಷ್ಠ 15 ಹರಿವುಗಳು ಬಂದವು. ಅವುಗಳಲ್ಲಿ ಮೂರು ಕಮರಿಯ ಅಷ್ಟೂ ಉದ್ದ ಸಾಗಿದವು. ಅತಿ ಹೆಚ್ಚಿನ ವೇಗ ಸೆಕೆಂಡಿಗೆ 7 ಮೀಟರ್ ದಾಟಿತು. 800 ಕಿಲೋ ತೂಕದ ಉಪಕರಣದ ಚೌಕಟ್ಟನ್ನು ಹರಿವು ಕೆಲವು ಕಿಲೋಮೀಟರ್ ಕೆಳಕ್ಕೆ ಒಯ್ದಿತ್ತು. ತಿಳುವಾದ ಬಗ್ಗಡದಿಂದ ಆ ಕೆಲಸ ಆಗದು. ಹರಿವಿನ ಮುಂಭಾಗದ ಬುಡದಲ್ಲಿ ಮರಳೇ ಗಟ್ಟಿಯಾದ ಪದರವಾಗಿ, ತಳದ ಸಮೇತ ಕದಲಿ ಸಾಗುತ್ತದೆ ಎಂಬುದು ಅಲ್ಲಿ ಖಚಿತವಾಯಿತು. ನಾವು ಓದಿದ ಕಾಲದ ಚಿತ್ರಗಳಲ್ಲಿ ಈ ಪದರ ಇರಲಿಲ್ಲ.

2020ರ ಜನವರಿಯಲ್ಲಿ ಆಫ್ರಿಕಾದ ಕಾಂಗೋ ನದಿಯ ಮುಂದಿನ ಕಮರಿಯಲ್ಲಿ ಇನ್ನೂ ದೊಡ್ಡದು ಹರಿಯಿತು. 1,100 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ದಾರಿಯಲ್ಲಿ ಇಂಟರ್ನೆಟ್ ಕೇಬಲ್‌ಗಳನ್ನು ಕಡಿದು ಹಾಕಿತು. ಹೋಗುತ್ತ ಹೋಗುತ್ತ ವೇಗ ತಗ್ಗುವ ಬದಲು ಸೆಕೆಂಡಿಗೆ ಸುಮಾರು 5 ಮೀಟರಿನಿಂದ 8 ಮೀಟರಿಗೆ ಏರಿತ್ತು. ಕಮರಿಯ ತಳ ಕೊರೆದು ಎಬ್ಬಿಸಿದ ಹೂಳು ಎರಡೂವರೆ ಘನ ಕಿಲೋಮೀಟರಿಗೂ ಮಿಕ್ಕಿತ್ತು. ಅದಕ್ಕೆ ಕೆಲವು ವಾರಗಳ ಮೊದಲು ಆ ನದಿಗೆ ದಶಕಗಳಲ್ಲೇ ಕಾಣದ ನೆರೆ ಬಂದಿತ್ತು. ಅಲ್ಲಿ ಕಟ್ಟಿದ್ದ ಉಪಕರಣಗಳು ಹರಿವಿನ ಹೊಡೆತಕ್ಕೆ ಕಿತ್ತು ಮೇಲಕ್ಕೆ ತೇಲಿ, ಉಪಗ್ರಹಕ್ಕೆ ಸಂದೇಶ ಕಳಿಸಿದವು. ಯಾವುದು ಯಾವಾಗ ಕಿತ್ತಿತು ಎಂಬುದರಿಂದಲೇ ವೇಗ ಸಿಕ್ಕಿತು. ಅಂದರೆ ಲೆಕ್ಕ 1929ರದ್ದೇ, ಸಾಧನ ಹೊಸದು.

ಪ್ರಶ್ನೆ: ಕೊಳವೆಯಲ್ಲಿ ಬಂದ ಮಣ್ಣು ನೋಡಿ "ಇದು ಒಂದೇ ಹರಿವಿನದು" ಎಂದು ಹೇಗೆ ಹೇಳುತ್ತೀರಿ? ಹತ್ತು ಹರಿವಿನದು ಯಾಕಾಗಿರಬಾರದು?
– ಭೂವಿಜ್ಞಾನ ಬಿ.ಎಸ್ಸಿ. ವಿದ್ಯಾರ್ಥಿ

ಉತ್ತರ: ನನ್ನ ವೃತ್ತಿಯ ಹೆಚ್ಚಿನ ಕಾಲ ಕಳೆದದ್ದು ಇದೇ ಕೆಲಸದಲ್ಲಿ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಹಡಗಿನಿಂದ ಇಳಿಸಿದ ಕೊಳವೆ ಕೋರನ್ನು, ಅಂದರೆ ತಳದ ಹೂಳಿನ ಕಂಬವನ್ನು, ತುಂಬಿಕೊಂಡು ಮೇಲೆ ಬಂದ ಮೇಲೆ ಅದನ್ನು ಉದ್ದುದ್ದಕ್ಕೆ ಸೀಳುತ್ತೇವೆ. ಒಂದು ಹೋಳು ಮುಟ್ಟದೆ ಕಾದಿಡಲು, ಇನ್ನೊಂದು ಕೆಲಸಕ್ಕೆ. ಸೀಳಿದ ಮೈಯನ್ನು ಅಡ್ಡಡ್ಡ ಹೆರೆದು ಸ್ವಚ್ಛ ಮಾಡಬೇಕು. ಉದ್ದಕ್ಕೆ ಹೆರೆದರೆ ಮೇಲಿನ ಕೆಸರು ಕೆಳಗಿನ ಮರಳಿನ ಮೇಲೆ ಬಳಿದು ಗೆರೆಗಳೇ ಮಾಯವಾಗುತ್ತವೆ. ಆಮೇಲೆ ಬುಡದಿಂದ ಓದಲು ಶುರು ಮಾಡಬೇಕು. ಹೊಸಬರು ಮೇಲಿನಿಂದ ಓದುತ್ತಾರೆ. ಹರಿವು ಕೆಳಗಿನಿಂದ ಮೇಲಕ್ಕೆ ಕಟ್ಟಿದ್ದು, ಓದುವುದೂ ಹಾಗೆಯೇ.

ಬುಡದಲ್ಲಿ ಚಾಕು ಎಳೆದಂತೆ ಖಚಿತವಾದ ಗೆರೆ. ಕೆಳಗೆ ಬೂದುಹಸಿರು ಕೆಸರು, ಗೆರೆಯ ಮೇಲೆ ಒಮ್ಮೆಗೇ ಮರಳು. ಆ ಗೆರೆ ಅಲ್ಲಲ್ಲಿ ತಗ್ಗಾಗಿ ಕೆಳಗಿನ ಕೆಸರನ್ನು ಕೊರೆದಿರುತ್ತದೆ, ಕೆಲವೊಮ್ಮೆ ಕಿತ್ತ ಕೆಸರಿನ ಚೂರು ಮರಳಿನೊಳಗೆ ಸಿಕ್ಕಿಬಿದ್ದಿರುತ್ತದೆ. ಅದರ ಮೇಲೆ ಮರಳು ಯಾವ ಪದರವೂ ಕಾಣದಂತೆ ಒಂದೇ ಮುದ್ದೆ, ಆದರೆ ಭೂತಗನ್ನಡಿ ಹಿಡಿದರೆ ಮೇಲೇರಿದಂತೆ ಕಣ ಸಣ್ಣದಾಗುತ್ತ ಹೋಗುತ್ತದೆ. ಇದು ಹರಿವಿನ ಅತಿ ಜೋರಿನ ಹೊತ್ತು. ಅದರ ಮೇಲೆ ನೇರ ಗೆರೆಗಳ ಮರಳು. ಅದರ ಮೇಲೆ ಬಾಗಿದ ಸಣ್ಣ ಗೆರೆಗಳು, ಅಂದರೆ ಹರಿವು ನಿಧಾನಿಸಿ ತಳದಲ್ಲಿ ಅಲೆಅಲೆಯ ಮರಳು ಸಾಗಿದ ಗುರುತು. ಅಭ್ರಕದ ಹೊಳಪಿನ ಚೂರುಗಳೂ ಕರಿಬಣ್ಣದ ಎಲೆ-ಕಡ್ಡಿಯ ಪುಡಿಯೂ ಹೆಚ್ಚಾಗಿ ಇಲ್ಲೇ ಸಾಲುಗಟ್ಟುತ್ತವೆ. ಮತ್ತೆ ತೆಳ್ಳಗಿನ ನೇರ ಗೆರೆ, ಕೊನೆಗೆ ಗೆರೆಯಿಲ್ಲದ ಕೆಸರು. ಈ ಐದು ಭಾಗಗಳ ಕ್ರಮವನ್ನು 1962ರಲ್ಲಿ ಡಚ್ ಭೂವಿಜ್ಞಾನಿ ಅರ್ನಾಲ್ಡ್ ಬೌಮಾ ಫ್ರಾನ್ಸಿನ ಆಲ್ಪ್ಸ್‌ನ ಆನೋ ಮರಳುಗಲ್ಲುಗಳನ್ನು ನೋಡಿ ನಿರೂಪಿಸಿದರು. ಐದೂ ಒಂದೇ ಕಡೆ ಸಿಗುವುದು ಅಪರೂಪ. ಮೂಲದಿಂದ ದೂರ ಹೋದಂತೆ ಕೆಳಗಿನ ಭಾಗಗಳು ಇಲ್ಲವಾಗಿ ಪದರ ಬಾಗಿದ ಗೆರೆಗಳಿಂದಲೇ ಶುರುವಾಗಬಹುದು. ಆ ಕೊರತೆಯೂ ಒಂದು ಮಾಹಿತಿಯೇ, ಬಿಟ್ಟುಬಿಡಬೇಡಿ.

ಈಗ ನಿಮ್ಮ ಪ್ರಶ್ನೆ. ಹತ್ತು ಹರಿವಿನದಾದರೆ ನಡುವೆ ಬಿಡುವು ಇರಬೇಕು. ಬಿಡುವಿನಲ್ಲಿ ಎರಡು ಸಂಗತಿ ನಡೆಯುತ್ತವೆ: ಮೇಲಿನಿಂದ ಚಿಪ್ಪುಜೀವಿಗಳು ಉದುರುತ್ತವೆ, ತಳದ ಹುಳುಗಳು ಕೆಸರನ್ನು ತೋಡುತ್ತವೆ. ಹಾಗಾಗಿ ಪದರದ ತುದಿಯ ಕೆಸರನ್ನು ಗಮನಿಸಿ ನೋಡಬೇಕು. ಹರಿವು ತಂದ ಕೆಸರು ಒಂದೇ ಸಮನಾಗಿರುತ್ತದೆ, ಬಿಳಿ ಚುಕ್ಕೆಗಳಿರುವುದಿಲ್ಲ. ನಿಧಾನವಾಗಿ ಉದುರಿದ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಬಿಳಿ ಚಿಪ್ಪು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಹುಳು ತೋಡಿದ ಬಿಲಗಳು ಬೇರೆ ಬಣ್ಣದ ಕೆಸರಿನಿಂದ ತುಂಬಿರುತ್ತವೆ. ಅವು ಎಲ್ಲಿ ಶುರುವಾದವೋ ಅಲ್ಲಿಗೆ ಒಂದು ಹರಿವು ಮುಗಿಯಿತು. ಕಣ್ಣಿಗೆ ಗೊತ್ತಾಗದಿದ್ದರೆ ಚಿಟಿಕೆ ಕೆಸರನ್ನು ಮುಂಬಲ್ಲಿನ ನಡುವೆ ಇಟ್ಟು ಮೆಲ್ಲಗೆ ಕಚ್ಚಿ. ಕರಕರ ಎಂದರೆ ಅದು ಜೇಡಿಯಲ್ಲ, ಜೇಡಿಗಿಂತ ದಪ್ಪನೆಯ ಹೂಳುಕಣ. ನನ್ನ ಗುರುಗಳು ಕಲಿಸಿದ್ದು, ನಾನೂ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಕಣ ಅಳೆಯುವ ಲೇಸರ್ ಯಂತ್ರ ಪಕ್ಕದ ಕೋಣೆಯಲ್ಲೇ ಇದ್ದರೂ ಕೋರ್ ಮುಂದೆ ನಿಂತು ತೀರ್ಮಾನಿಸಬೇಕಾದ ಹೊತ್ತಿನಲ್ಲಿ ಹಲ್ಲಿನಷ್ಟು ಬೇಗ ಉತ್ತರ ಕೊಡುವ ಸಾಧನ ಇನ್ನೊಂದಿಲ್ಲ.

ಇನ್ನೊಂದು ಮಾತು. ಒಂದು ಮೀಟರ್ ದಪ್ಪದ ಮರಳಿನ ಮೇಲೆ ಒಂದು ಸೆಂಟಿಮೀಟರ್ ಚುಕ್ಕೆಕೆಸರು ಇದ್ದರೆ ಹೊಸಬರು ಮರಳಿನ ಬಗ್ಗೆ ಪುಟಗಟ್ಟಲೆ ಬರೆದು ಕೆಸರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮರಳಿನದು ಕೆಲವು ಗಂಟೆಯ ಕೆಲಸ. ಆ ಒಂದು ಸೆಂಟಿಮೀಟರ್ ಕೆಸರಿನಲ್ಲಿ ನೂರಾರು ವರ್ಷ ಕಳೆದಿರಬಹುದು, ಸಾವಿರವೂ ಆಗಿರಬಹುದು. ಕಾಲಗಣನೆಗೆ ಚಿಪ್ಪು ಆರಿಸಬೇಕಾದದ್ದೂ ಆ ಕೆಸರಿನಿಂದಲೇ. ಮರಳಿನೊಳಗಿನ ಚಿಪ್ಪು ಎಲ್ಲೋ ಮೇಲಿನ ಇಳಿಜಾರಿನಿಂದ ಕಿತ್ತು ಬಂದದ್ದು, ಅದರ ವಯಸ್ಸು ಹರಿವಿನ ವಯಸ್ಸಲ್ಲ.

ಪ್ರಶ್ನೆ: ಹಿಮಾಲಯದ ಮಣ್ಣು ಭೂಮಧ್ಯರೇಖೆಯಾಚೆಗೂ ಹೋಗಿ ಬಿದ್ದಿದೆ ಎಂದು ಓದಿದೆ. ಅದು ಹಿಮಾಲಯದ್ದೇ ಎಂದು ಪತ್ತೆಹಚ್ಚುವುದು ಹೇಗೆ?
– ಗೃಹಿಣಿ, ಭೂಗೋಳ ಎಂ.ಎ.

ಉತ್ತರ: ನೀವು ಓದಿದ್ದು ನಿಜ. ಬಂಗಾಳ ಕೊಲ್ಲಿಯ ತಳದಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿರುವ ಈ ರಾಶಿಗೆ ಬಂಗಾಳ ಫ್ಯಾನ್ ಎಂದು ಹೆಸರು. ಉದ್ದ ಸುಮಾರು 3,000 ಕಿಲೋಮೀಟರ್, ದಕ್ಷಿಣ ಅಕ್ಷಾಂಶ 7 ಡಿಗ್ರಿಯವರೆಗೂ ಚಾಚಿದೆ. ಉತ್ತರದ ತುದಿಯಲ್ಲಿ ದಪ್ಪ 16 ಕಿಲೋಮೀಟರ್ ದಾಟುತ್ತದೆ. ಜಗತ್ತಿನ ಆಳಗಡಲ ಫ್ಯಾನ್‌ಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಸಿಂಧೂ ನದಿಯ ಮುಂದೆ ಅರಬ್ಬೀ ಸಮುದ್ರದಲ್ಲಿರುವುದು ಎರಡನೆಯದು.

ಗಂಗೆ-ಬ್ರಹ್ಮಪುತ್ರೆಗಳು ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ತರುತ್ತವೆ. ಒಂದಷ್ಟು ಬಯಲಿನಲ್ಲೇ ಉಳಿಯುತ್ತದೆ, ಒಂದಷ್ಟು ದಡದ ಮುಂದಿನ ಆಳವಿಲ್ಲದ ಕಡಲಿನಲ್ಲಿ. ಉಳಿದದ್ದನ್ನು ಬಾಂಗ್ಲಾದೇಶದ ಮುಂದಿರುವ 'ಸ್ವಾಚ್ ಆಫ್ ನೋ ಗ್ರೌಂಡ್' ಎಂಬ ಕಮರಿ ನುಂಗುತ್ತದೆ. ಅದರ ತಲೆಭಾಗ ದಡದ ಹತ್ತಿರದವರೆಗೂ ಕೊರೆದುಕೊಂಡು ಬಂದಿದೆ. ಕಡಲಮಟ್ಟ ಈಗಿನಷ್ಟು ಎತ್ತರವಿರುವಾಗ ಬಹಳಷ್ಟು ನದಿಗಳ ಹೂಳು ಖಂಡದ ಅಂಚಿಗೆ ತಲುಪದೆ ಮೊದಲೇ ನಿಂತುಬಿಡುತ್ತದೆ. ಹಿಮಯುಗದಲ್ಲಿ ಕಡಲಮಟ್ಟ ನೂರಿಪ್ಪತ್ತು ಮೀಟರಿನಷ್ಟು ಇಳಿದಿದ್ದಾಗ ನದಿಗಳು ನೇರ ಅಂಚಿಗೇ ಬಂದು ಸುರಿಯುತ್ತಿದ್ದವು. ಬಂಗಾಳದ ಕಮರಿಯೂ ಕಾಂಗೋ ಕಮರಿಯೂ ದಡದವರೆಗೆ ಕೈಚಾಚಿರುವುದರಿಂದ ಈಗಲೂ ಅವುಗಳಿಗೆ ಹೂಳು ಸಿಗುತ್ತಿದೆ.

ಕಮರಿಯಿಂದ ಹೊರಬಿದ್ದ ಹರಿವು ತಳದಲ್ಲಿ ತಾನೇ ಕಟ್ಟಿಕೊಂಡ ಕಾಲುವೆ ಹಿಡಿದು ಸಾಗುತ್ತದೆ. ಉಕ್ಕಿದಾಗ ನುಣ್ಣನೆಯ ಕೆಸರು ಎರಡೂ ಬದಿಗೆ ಬಿದ್ದು, ಕೆರೆಗೆ ಇರುವಂಥ ಏರಿ ಎದ್ದುಕೊಳ್ಳುತ್ತದೆ, ದಪ್ಪ ಮರಳು ಕಾಲುವೆಯೊಳಗೇ ಉಳಿದು ತುದಿಯಲ್ಲಿ ನಾಲಿಗೆಯಂತೆ ಹರಡುತ್ತದೆ. ಉತ್ತರಾರ್ಧಗೋಳದಲ್ಲಿ ಭೂಮಿಯ ಸುತ್ತುವಿಕೆಯಿಂದಾಗಿ ಸಾಮಾನ್ಯವಾಗಿ ಹರಿವಿನ ಬಲಗಡೆಯ ಏರಿ ಎತ್ತರ. ಏರಿಗಳು ಬೆಳೆದಂತೆ ಕಾಲುವೆ ಸುತ್ತಲ ನೆಲಕ್ಕಿಂತ ಮೇಲಕ್ಕೇಳುತ್ತದೆ. ಒಂದು ದಿನ ಏರಿ ಒಡೆದು ಹರಿವು ಪಕ್ಕದ ತಗ್ಗಿಗೆ ನುಗ್ಗುತ್ತದೆ, ಹಳೆಯ ಕಾಲುವೆ ಸತ್ತು ಹೊಸದು ಹುಟ್ಟುತ್ತದೆ. ಒಂದು ಕಾಲಕ್ಕೆ ಜೀವಂತವಾಗಿರುವುದು ಸಾಮಾನ್ಯವಾಗಿ ಒಂದೇ ಕಾಲುವೆ. ಫ್ಯಾನಿನ ದಕ್ಷಿಣ ಭಾಗದಲ್ಲಿ ಕಿಲೋಮೀಟರಿಗೆ ಒಂದು ಮೀಟರಿನಷ್ಟೂ ಇಳಿಜಾರಿಲ್ಲ. ಅಂಥ ಕಡೆಯಲ್ಲೂ ಬಗ್ಗಡ ಅಷ್ಟು ದೂರ ಹೋಗಿರುವುದು ಈ ಕಾಲುವೆಗಳ ಹಂಗಿನಲ್ಲಿ. ಹರಡಿಹೋಗಲು ಏರಿ ಬಿಡುವುದಿಲ್ಲ.

ಪತ್ತೆಯ ಕೆಲಸಕ್ಕೆ ಇದೇ ದೊಡ್ಡ ತೊಡಕು. ಒಂದು ಕಡೆ ಕೊರೆದು ನೋಡಿ, ಇಂಥ ಕಾಲದಲ್ಲಿ ಮರಳು ಬರಲಿಲ್ಲ, ಆದ್ದರಿಂದ ಹಿಮಾಲಯದಲ್ಲಿ ಸವೆತ ಕಡಿಮೆಯಾಗಿತ್ತು ಎಂದು ಬರೆದುಬಿಟ್ಟರೆ ಮೋಸ ಹೋಗುತ್ತೇವೆ. ಆಗ ಕಾಲುವೆ ನೂರು ಕಿಲೋಮೀಟರ್ ಆಚೆ ಹರಿಯುತ್ತಿದ್ದಿರಬಹುದು. ಅದಕ್ಕೇ 2015ರಲ್ಲಿ 'ಜಾಯ್‌ಡೀಸ್ ರೆಸಲ್ಯೂಷನ್' ಹಡಗಿನಲ್ಲಿ ಹೋದ ಅಂತರರಾಷ್ಟ್ರೀಯ ತಂಡ ಉತ್ತರ ಅಕ್ಷಾಂಶ 8 ಡಿಗ್ರಿಯ ಗುಂಟ, ಸುಮಾರು 320 ಕಿಲೋಮೀಟರ್ ಅಗಲಕ್ಕೆ ಏಳು ಕಡೆ ಕೊರೆಯಿತು. ಶಬ್ದದ ಅಲೆ ಕಳಿಸಿ ಪಡೆದ ತಳದ ಅಡ್ಡಚಿತ್ರದಲ್ಲಿ ಹಳೆಯ ಕಾಲುವೆಗಳೂ ಏರಿಗಳೂ ಒಂದರ ಬದಿಗೊಂದು ಕಾಣುತ್ತವೆ. ಕೊರೆದ ಏಳು ಕಡೆಗಳನ್ನು ಆ ಚಿತ್ರಕ್ಕೆ ಹೊಂದಿಸಿದಾಗ ಒಂದು ಕಡೆ ಕಾಣೆಯಾದ ಕಾಲ ಇನ್ನೊಂದು ಕಡೆ ಸಿಗುತ್ತದೆ.

ಇನ್ನು ಹಿಮಾಲಯದ್ದೇ ಎಂಬುದಕ್ಕೆ ಸಾಕ್ಷಿ. ಜಿರ್ಕಾನ್ ಎಂಬ ಖನಿಜದ ಕಣಗಳು ಎಷ್ಟು ದೂರ ಉರುಳಿದರೂ ತಾವು ಹುಟ್ಟಿದ ಕಾಲವನ್ನು ಯುರೇನಿಯಂ-ಸೀಸದ ಅನುಪಾತದಲ್ಲಿ ಇಟ್ಟುಕೊಂಡಿರುತ್ತವೆ. ಅಭ್ರಕದ ಚೂರುಗಳು ತಾವಿದ್ದ ಬಂಡೆ ತಣ್ಣಗಾದ ಕಾಲವನ್ನು ಹೇಳುತ್ತವೆ. ಸ್ಟ್ರಾನ್ಷಿಯಂ ಮತ್ತು ನಿಯೋಡೈಮಿಯಂ ಸಮಸ್ಥಾನಿಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತ ಹಿಮಾಲಯದ ಬಂಡೆಗಳಲ್ಲಿ ಒಂದು ಬಗೆ, ದಖ್ಖನ್ನಿನ ಕಪ್ಪುಬಂಡೆಗಳಲ್ಲಿ ಬೇರೆಯೇ ಬಗೆ. ಮೂರೂ ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ಒಪ್ಪುತ್ತೇವೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಮರದ ಚೂರುಗಳು. 2015ರ ಕೋರ್‌ಗಳ ಮರಳಿನ ಪದರಗಳಲ್ಲಿ ಮರದ ಸಣ್ಣ ಸಣ್ಣ ಚಕ್ಕೆಗಳು ಸಿಕ್ಕವು, ಕಳೆದ 1.9 ಕೋಟಿ ವರ್ಷಗಳ ಉದ್ದಕ್ಕೂ. ಅವುಗಳಲ್ಲಿನ ಸಮಸ್ಥಾನಿಗಳನ್ನು ಅಳೆದಾಗ ತಗ್ಗಿನ ಕಾಡಿನ ಮರಗಳ ಜೊತೆಗೆ ಬಹಳ ಎತ್ತರದ ಬೆಟ್ಟದ ಮರಗಳೂ ಇದ್ದದ್ದು ತಿಳಿಯಿತು. ಮರ ತೇಲುತ್ತದೆ, ಆಳಕ್ಕೆ ಹೋಗುವುದಿಲ್ಲ ಎಂದು ಇಂಗಾಲದ ಲೆಕ್ಕದಲ್ಲಿ ಅದನ್ನು ಗಣನೆಗೇ ತೆಗೆದುಕೊಳ್ಳದ ಕಾಲವಿತ್ತು. ನೀರು ಕುಡಿದ ಚಕ್ಕೆ ಮರಳಿನ ಜೊತೆ ಸೇರಿ ಬಗ್ಗಡದಲ್ಲಿ ಸಾವಿರಾರು ಕಿಲೋಮೀಟರ್ ಹೋಗಿ ಹೂತುಹೋಗುತ್ತದೆ. ಹಾಗೆ ಹೂತ ಇಂಗಾಲ ಗಾಳಿಗೆ ಮರಳುವುದಿಲ್ಲ.

ಪ್ರಶ್ನೆ: ಬೆಟ್ಟದ ಮೇಲಿನ ಕಲ್ಲು ಒಂದು ಕಾಲದಲ್ಲಿ ಆಳಗಡಲ ತಳವಾಗಿತ್ತು ಎಂದರೆ, ಆ ಹರಿವು ಯಾವ ದಿಕ್ಕಿನಿಂದ ಬಂದಿತ್ತೆಂದು ಕಲ್ಲು ಹೇಳುತ್ತದೆಯೇ?
– ಚಾರಣಿಗರೊಬ್ಬರು

ಉತ್ತರ: ಹೇಳುತ್ತದೆ, ಆದರೆ ಮರಳುಗಲ್ಲಿನ ಪದರದ ಅಡಿಭಾಗ ನೋಡಬೇಕು. ಹರಿವಿನ ಸುಳಿ ಮೊದಲು ಕೆಸರಿನಲ್ಲಿ ಉದ್ದನೆಯ ಗುಳಿ ತೋಡುತ್ತದೆ, ಹಿಂದೆಯೇ ಬಂದ ಮರಳು ಆ ಗುಳಿ ತುಂಬುತ್ತದೆ. ಕೋಟ್ಯಂತರ ವರ್ಷದ ಮೇಲೆ ಮೆದುವಾದ ಕೆಸರುಗಲ್ಲು ಸವೆದಾಗ ಮರಳುಗಲ್ಲಿನ ಅಡಿಯಲ್ಲಿ ಉಬ್ಬುಗಳು ಉಳಿಯುತ್ತವೆ. ಉಬ್ಬಿನ ಒಂದು ತುದಿ ದಪ್ಪಗೆ ಮೂಗಿನಂತಿರುತ್ತದೆ, ಇನ್ನೊಂದು ಅಗಲವಾಗಿ ಮೆಲ್ಲಗೆ ಮಟ್ಟವಾಗುತ್ತದೆ. ಮೂಗು ಇರುವ ಕಡೆಯಿಂದ ಹರಿವು ಬಂದಿದೆ. ಬರೀ ನೇರವಾದ ಗೀರುಗಳಿದ್ದರೆ ಹರಿವಿನ ರೇಖೆ ಮಾತ್ರ ಗೊತ್ತಾಗುತ್ತದೆ, ಎತ್ತ ಕಡೆಗೆ ಎಂಬುದು ತಿಳಿಯದು. ಪದರ ಮಡಚಿ ವಾಲಿದ್ದರೆ ಕೋನ ಅಳೆದು ಮೊದಲಿನ ಮಟ್ಟಕ್ಕೆ ತಂದ ಮೇಲೆಯೇ ದಿಕ್ಕು ಬರೆದುಕೊಳ್ಳಬೇಕು.

ಡಚ್ ವಿಜ್ಞಾನಿ ಫಿಲಿಪ್ ಕ್ಯೂನೆನ್ ತೊಟ್ಟಿಯಲ್ಲಿ ಬಗ್ಗಡ ಹರಿಸಿ ಪ್ರಯೋಗ ಮಾಡುತ್ತಿದ್ದರು. ಇಟಲಿಯ ಮಿಗ್ಲಿಯೊರಿನಿ ಅಪೆನ್ನೈನ್ ಬೆಟ್ಟಗಳ ಮರಳುಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದರು. 1950ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಿಂದ ಈ ಶಾಸ್ತ್ರಕ್ಕೆ ಹೊಸ ದಾರಿ ತೆರೆಯಿತು. ಅದೇ ಅಪೆನ್ನೈನ್‌ನಲ್ಲಿ ಕೊಂಟೆಸ್ಸಾ ಎಂಬ ಒಂದು ಪದರವಿದೆ. ಒಂದೇ ಹರಿವಿನದು, ಬೆಟ್ಟದಿಂದ ಬೆಟ್ಟಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಅದರ ಜಾಡು ಹಿಡಿದಿದ್ದಾರೆ. ಅವಕಾಶ ಸಿಕ್ಕರೆ ಹೋಗಿ ನೋಡಿ.

ಪ್ರಶ್ನೆ: ಈ ಪದರಗಳನ್ನು ಎಣಿಸಿ ಹಳೆಯ ಭೂಕಂಪಗಳ ಪಟ್ಟಿ ಮಾಡುತ್ತಾರಂತೆ. ನಂಬಬಹುದೇ?
– ಬ್ಯಾಂಕ್ ಉದ್ಯೋಗಿ

ಉತ್ತರ: ಎಚ್ಚರದಿಂದ ನಂಬಬಹುದು. ಅಮೆರಿಕದ ವಾಯವ್ಯ ಕರಾವಳಿಯ ಕ್ಯಾಸ್ಕೇಡಿಯಾದ ಉದಾಹರಣೆ ನೋಡಿ. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಜ್ವಾಲಾಮುಖಿ ಸಿಡಿದು ಅದರ ಬೂದಿ ನದಿಗಳ ಮೂಲಕ ಕಡಲು ಸೇರಿತು. ಕಡಲ ತಳದ ಬೇರೆ ಬೇರೆ ಕಾಲುವೆಗಳಲ್ಲಿ ಆ ಬೂದಿ ಮೊದಲು ಕಾಣುವ ಪದರದಿಂದ ಈಚೆಗೆ ಎಣಿಸಿದರೆ ಪ್ರತಿಯೊಂದರಲ್ಲೂ 13 ಹರಿವುಗಳ ಪದರ. ಆ ಕಾಲುವೆಗಳು ಕೂಡಿದ ಮೇಲಿನ ಒಂದೇ ಕಾಲುವೆಯಲ್ಲಿ ಎಷ್ಟಿರಬೇಕು? ಬೇರೆ ಬೇರೆ ಹೊತ್ತಿಗೆ ಬಂದಿದ್ದರೆ 26 ಅಥವಾ ಇನ್ನೂ ಹೆಚ್ಚು. ಅಲ್ಲೂ 13 ಮಾತ್ರ ಇವೆ. ಅಂದರೆ ಪ್ರತಿ ಸಲವೂ ದೂರದೂರದ ಕಮರಿಗಳು ಒಂದೇ ಹೊತ್ತಿಗೆ ಕುಸಿದು, ಹರಿವುಗಳು ಕೂಡಿ ಒಂದೇ ಪದರ ಹಾಕಿವೆ. ಅಷ್ಟು ಉದ್ದದ ಕರಾವಳಿಯನ್ನು ಒಮ್ಮೆಗೇ ಅಲುಗಿಸಲು ದೊಡ್ಡ ಭೂಕಂಪಕ್ಕೆ ಮಾತ್ರ ಸಾಧ್ಯ. ಭೂವಿಜ್ಞಾನಿ ಜಾನ್ ಆಡಮ್ಸ್ 1990ರಲ್ಲಿ ಮಂಡಿಸಿದ ಈ ವಾದಕ್ಕಿಂತ ಸೊಗಸಾದದ್ದನ್ನು ನಮ್ಮ ಶಾಸ್ತ್ರದಲ್ಲಿ ನಾನು ಹೆಚ್ಚು ಕಂಡಿಲ್ಲ. ಅಲ್ಲಿನ ಕೊನೆಯ ಮಹಾಕಂಪ 1700ರ ಜನವರಿ 26ರಂದು ಆಯಿತೆಂದು ಜಪಾನಿನ ಹಳೆಯ ಸುನಾಮಿ ದಾಖಲೆಗಳಿಂದ ತಿಳಿದಿದೆ.

ಎಚ್ಚರ ಯಾಕೆಂದರೆ, ಪದರಕ್ಕೆ ತನ್ನನ್ನು ಎಬ್ಬಿಸಿದ್ದು ಯಾವುದೆಂದು ಹಣೆಬರಹ ಇರುವುದಿಲ್ಲ. ತೈವಾನ್ ದಕ್ಷಿಣದ ಕಡಲಲ್ಲಿ 2006ರ ಡಿಸೆಂಬರ್ 26ರ ಭೂಕಂಪದಿಂದ ಹರಿವು ಎದ್ದು ಕೇಬಲ್‌ಗಳು ತುಂಡಾದವು. 2009ರಲ್ಲಿ ಮೊರಾಕಾಟ್ ಚಂಡಮಾರುತ ತಂದ ನೆರೆಯಿಂದಲೂ ಹರಿವು ಎದ್ದು ಕೇಬಲ್‌ಗಳು ತುಂಡಾದವು. ಒಂದೇ ಕಮರಿಯ ಪದರ ಎಣಿಸಿ ಭೂಕಂಪದ ಪಟ್ಟಿ ಮಾಡಿದವರನ್ನು ನಾನು ನಂಬುವುದಿಲ್ಲ. ಹಲವು ಕಮರಿಗಳು, ಒಂದೇ ವಯಸ್ಸು, ಕೂಡಿದ ಕಡೆ ಕೂಡದ ಲೆಕ್ಕ – ಇಷ್ಟು ಇದ್ದರೆ ಕಿವಿಗೊಡುತ್ತೇನೆ.

ಪ್ರಶ್ನೆ: ಟೀಚರ್, ನಾನು ಒಂಬತ್ತನೇ ತರಗತಿ. ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಮಾಡಿ ತೋರಿಸಬಹುದಾ?

ಉತ್ತರ: ಖಂಡಿತ ಮಾಡು ಪುಟ್ಟಾ. ಕನಿಷ್ಠ ಒಂದು ಮೀಟರ್ ಉದ್ದದ ಗಾಜಿನ ತೊಟ್ಟಿ ಬೇಕು. ಒಂದು ತುದಿಯ ಕೆಳಗೆ ಪುಸ್ತಕ ಇಟ್ಟು ಸ್ವಲ್ಪ ಎತ್ತರಿಸಿ ನೀರು ತುಂಬು. ಎತ್ತರದ ತುದಿಯಿಂದ ಹತ್ತು ಸೆಂಟಿಮೀಟರ್ ಬಿಟ್ಟು ಪ್ಲಾಸ್ಟಿಕ್ ಹಲಗೆಯೊಂದನ್ನು ಬಿಗಿಯಾಗಿ ಅಡ್ಡ ನಿಲ್ಲಿಸು. ಜರಡಿ ಹಿಡಿದ ಸಣ್ಣ ಮರಳು, ನುಣ್ಣನೆಯ ಮಣ್ಣು, ಜೇಡಿ ಮೂರನ್ನೂ ಆ ಸಣ್ಣ ಭಾಗದ ನೀರಿಗೆ ಹಾಕಿ ಚೆನ್ನಾಗಿ ಕಲಕು, ಕಲಕುತ್ತಿರುವಾಗಲೇ ಹಲಗೆ ಎತ್ತಿಬಿಡು. ನಿಧಾನಿಸಿದರೆ ಮರಳೆಲ್ಲ ಅಲ್ಲೇ ಕೂತುಬಿಡುತ್ತದೆ. ಗಾಜಿನ ಮೇಲೆ ಹತ್ತು ಹತ್ತು ಸೆಂಟಿಮೀಟರಿಗೆ ಗೆರೆ ಹಾಕಿ, ಗೆಳೆಯನೊಬ್ಬನಿಂದ ಮೊಬೈಲಿನಲ್ಲಿ ವೀಡಿಯೊ ಮಾಡಿಸು. ಹರಿವಿನ ತಲೆ ಉಬ್ಬಿಕೊಂಡು, ಮೂಗನ್ನು ತಳದಿಂದ ಚೂರು ಮೇಲಕ್ಕೆತ್ತಿ ಸಾಗುವುದು ಕಾಣುತ್ತದೆ. ವೀಡಿಯೊ ನೋಡಿ ಪ್ರತಿ ಗೆರೆಗೆ ಎಷ್ಟು ಸೆಕೆಂಡಿಗೆ ಬಂತೆಂದು ಬರೆದುಕೋ.

ಎರಡು ದಿನ ತೊಟ್ಟಿಯನ್ನು ಅಲುಗಿಸದೆ ಬಿಡು. ಆಮೇಲೆ ಸಪೂರ ಪಾರದರ್ಶಕ ಕೊಳವೆಯನ್ನು ತಳದವರೆಗೆ ಚುಚ್ಚಿ, ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆಳೆ. ಮೂರು ಕಡೆ ಹೀಗೆ ತೆಗೆ: ಹಲಗೆಯ ಹತ್ತಿರ, ನಡುವೆ, ತುದಿಯಲ್ಲಿ. ಮೂರನ್ನೂ ಒಂದರ ಪಕ್ಕ ಒಂದು ನಿಲ್ಲಿಸಿ ಮರಳಿನ ದಪ್ಪವನ್ನೂ ಜೇಡಿಯ ದಪ್ಪವನ್ನೂ ಬೇರೆ ಬೇರೆ ಅಳೆ. ಎರಡನೇ ಸಲ ಬೇರೆ ಬಣ್ಣದ ಮರಳು ಹಾಕಿ, ನಡುದಾರಿಯಲ್ಲಿ ಒಂದು ಸಣ್ಣ ಕಲ್ಲಿಟ್ಟು ಮಾಡು. ಕಲ್ಲಿನ ಹಿಂದೆ ಪದರ ದಪ್ಪವಾಯಿತೋ ತೆಳುವಾಯಿತೋ, ಅಳತೆ ಸಮೇತ ನನಗೆ ಬರೆದು ಕಳಿಸು.